ಪಕ್ಕದ ದಿಬ್ಬ ಕಾಣದಾದಾಗ: ಸೋಡಿಯಂ ಸಿಲಿಕೇಟ್ ಗಾಜಿನ ಎಕ್ಸ್‌ಪಿಎಸ್ ಅಳತೆಯಲ್ಲಿ ದೋಷ ಹುಡುಕುವ ಕ್ರಮ

ದೋಷದ ಲಕ್ಷಣ

ಎಕ್ಸ್‌ಪಿಎಸ್ ಎಂದರೆ ವಸ್ತುವಿನ ಮೇಲೆ ಕ್ಷ-ಕಿರಣ ಬಿಟ್ಟು, ಹೊರಬರುವ ಎಲೆಕ್ಟ್ರಾನುಗಳ ಶಕ್ತಿಯಿಂದ ಅವು ಪರಮಾಣುವಿನಲ್ಲಿ ಎಷ್ಟು ಬಿಗಿಯಾಗಿದ್ದವು, ಅಂದರೆ ಅವುಗಳ ಬಂಧನ ಶಕ್ತಿ ಎಷ್ಟು, ಎಂದು ಅಳೆಯುವ ವಿಧಾನ. 1ಎಸ್, 2ಪಿ ಮುಂತಾದವು ಆ ಎಲೆಕ್ಟ್ರಾನುಗಳಿದ್ದ ಕವಚಗಳ ಹೆಸರು. ಸೋಡಿಯಂ ಸಿಲಿಕೇಟ್ ಗಾಜನ್ನು ಎಕ್ಸ್‌ಪಿಎಸ್ ಯಂತ್ರದಲ್ಲಿಟ್ಟು ಆಮ್ಲಜನಕದ 1ಎಸ್ ರೋಹಿತವನ್ನು ತೆಗೆದರೆ, ಸುಮಾರು 532.5 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಒಂದು ದೊಡ್ಡ ಶಿಖರವೂ, ಅದಕ್ಕಿಂತ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಕಡಿಮೆ ಬಂಧನ ಶಕ್ತಿಯ ಕಡೆ, ಅಂದರೆ ಪರದೆಯ ಬಲಗಡೆಗೆ, ಅದಕ್ಕೆ ಅಂಟಿಕೊಂಡ ಒಂದು ದಿಬ್ಬವೂ ಕಾಣಬೇಕು. ದೊಡ್ಡದು ಎರಡು ಸಿಲಿಕಾನ್ ಪರಮಾಣುಗಳನ್ನು ಬೆಸೆಯುವ ಸೇತುವೆ ಆಮ್ಲಜನಕದ್ದು. ದಿಬ್ಬವು ಒಂದು ಕಡೆ ಸಿಲಿಕಾನನ್ನು ಹಿಡಿದು ಇನ್ನೊಂದು ಕಡೆ ಸೋಡಿಯಂ ಅಯಾನಿನ ನೆರೆಯಲ್ಲಿ ನಿಂತ ಆಮ್ಲಜನಕದ್ದು. ಪ್ರಯೋಗಾಲಯದಲ್ಲಿ ನಾವು ಇದನ್ನು ನಾನ್‌ಬ್ರಿಡ್ಜಿಂಗ್ ಎನ್ನುತ್ತೇವೆ. ಈ ಬರಹದಲ್ಲಿ ತುದಿ ಆಮ್ಲಜನಕ ಎಂದು ಕರೆಯುತ್ತೇನೆ. ಸೋಡಿಯಂ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುವುದರಿಂದ ತುದಿ ಆಮ್ಲಜನಕದ ಸುತ್ತ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚಾಗಿರುತ್ತದೆ, ಅದರ ಒಳಕವಚದ ಎಲೆಕ್ಟ್ರಾನನ್ನು ಕಿತ್ತು ಹೊರತರುವುದು ತುಸು ಸುಲಭವಾಗುತ್ತದೆ. ದಿಬ್ಬವು ಬಲಕ್ಕೆ ಸರಿದಿರುವುದಕ್ಕೆ ಕಾರಣ ಇದೇ.

ಈ ಎರಡರ ವಿಸ್ತೀರ್ಣಗಳ ಅನುಪಾತವೇ ನಮಗೆ ಬೇಕಾದ ಸಂಗತಿ. 1932 ರಲ್ಲಿ ಜಕಾರಿಯಾಸೆನ್ ಅವರು ಗಾಜಿನ ರಚನೆಯನ್ನು ಸಿಲಿಕಾನ್–ಆಮ್ಲಜನಕದ ಘಟಕಗಳು ಮೂಲೆಗಳಲ್ಲಿ ಒಂದಕ್ಕೊಂದು ಕೂಡಿಕೊಂಡ, ಆದರೆ ಹರಳಿನಂತೆ ಮರುಕಳಿಸದ ಜಾಲವೆಂದು ವಿವರಿಸಿದರು. ಸೋಡಾ, ಅಂದರೆ ಸೋಡಿಯಂ ಆಕ್ಸೈಡ್, ಸೇರಿಸಿದಾಗ ಆ ಜಾಲ ಎಷ್ಟು ಕಡೆ ಹರಿಯಿತು ಎಂಬುದನ್ನು ತುದಿ ಆಮ್ಲಜನಕಗಳ ಎಣಿಕೆಯೇ ಹೇಳುತ್ತದೆ. ಸೋಡಿಯಂ ಆಕ್ಸೈಡಿನ ಮೋಲ್ ಅಂಶವನ್ನು ‘ಕ’ ಎಂದುಕೊಂಡರೆ, ಒಟ್ಟು ಆಮ್ಲಜನಕದಲ್ಲಿ ತುದಿ ಆಮ್ಲಜನಕದ ಪಾಲು 2ಕ ÷ (2 − ಕ). ಶೇ. 20 ಸೋಡಾ ಇರುವ ಗಾಜಿಗೆ ಇದು ಶೇ. 22.2, ಶೇ. 30 ಇದ್ದರೆ ಶೇ. 35.3, ಮೂರನೇ ಒಂದು ಭಾಗ ಸೋಡಾ ಇರುವ ಡೈಸಿಲಿಕೇಟ್ ಗಾಜಿಗೆ ಸರಿಯಾಗಿ ಶೇ. 40.

ನಾನು ಪುಣೆಯ ಒಂದು ಪ್ರಯೋಗಾಲಯದಲ್ಲಿ ಈ ಯಂತ್ರವನ್ನು ನಡೆಸುತ್ತೇನೆ. ಕಳೆದ ಮಳೆಗಾಲದಲ್ಲಿ ವಿಜಯಪುರ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಶೇ. 30 ಸೋಡಾ ಹಾಕಿ ತಾನೇ ಕರಗಿಸಿ ಎರಕ ಹೊಯ್ದ ಗಾಜನ್ನು ತಂದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರಬೇಕಾದ ದಿಬ್ಬ ಐದನೇ ಒಂದು ಭಾಗವೂ ಇರಲಿಲ್ಲ. ಇಡೀ ಶಿಖರ ಅಗಲವಾಗಿತ್ತು, ಎಡಗಡೆಯ ತಪ್ಪಲಿನಲ್ಲಿ ಬೇಡದ ಒಂದು ಉಬ್ಬು ಎದ್ದಿತ್ತು. ಒಂದೇ ರೋಹಿತದಲ್ಲಿ ಮೂರು ಬೇರೆ ಬೇರೆ ದೋಷಗಳು ಸೇರಿಕೊಂಡಿದ್ದವು, ಒಂದನ್ನು ಇನ್ನೊಂದು ಮರೆಮಾಡಿತ್ತು. ಅವುಗಳನ್ನು ಬಿಡಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿದ್ಯುದಾವೇಶದ ತೊಂದರೆ ಬಗೆಹರಿಯುವ ಮುನ್ನ ಮೇಲ್ಮೈಯ ರಸಾಯನದ ಬಗ್ಗೆ ಮಾತನಾಡುವುದಕ್ಕೆ ಆಧಾರವೇ ಇರುವುದಿಲ್ಲ.

ಮೊದಲು ಯಂತ್ರವನ್ನು ದೋಷಮುಕ್ತ ಮಾಡಿಕೊಳ್ಳುವುದು

ಇದಕ್ಕೆ ಅರ್ಧ ದಿನ ಸಾಕು. ಅಯಾನು ಕಿರಣದಿಂದ ಶುಚಿಗೊಳಿಸಿದ ಚಿನ್ನ, ಬೆಳ್ಳಿ, ತಾಮ್ರದ ಹಾಳೆಗಳನ್ನು ಅಳೆಯಬೇಕು. ಚಿನ್ನದ 4ಎಫ್ 83.96, ಬೆಳ್ಳಿಯ 3ಡಿ 368.21, ತಾಮ್ರದ 2ಪಿ 932.62 ಎಲೆಕ್ಟ್ರಾನ್ ವೋಲ್ಟಿನಲ್ಲಿ ಬಂದರೆ ಶಕ್ತಿಯ ಮಾಪಕ ಸರಿಯಾಗಿದೆ. ಬೆಳ್ಳಿಯ ಶಿಖರದ ಅರ್ಧ ಎತ್ತರದ ಅಗಲವನ್ನು ಹಿಂದಿನ ತಿಂಗಳ ದಾಖಲೆಯೊಡನೆ ಹೋಲಿಸಿದರೆ ವಿಶ್ಲೇಷಕದ ಆರೋಗ್ಯವೂ ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ಬೆಲೆಬಾಳುವ ಪರೀಕ್ಷೆ ಇನ್ನೊಂದಿದೆ. ಅನುಮಾನದ ಗಾಜಿನ ಪಕ್ಕದಲ್ಲೇ, ಅದೇ ಹೋಲ್ಡರಿನ ಮೇಲೆ, ಅದೇ ಗಾತ್ರದ ಶುದ್ಧ ಸಿಲಿಕಾ ಗಾಜಿನ ಒಂದು ತುಣುಕನ್ನು ಇಡಬೇಕು. ಶುದ್ಧ ಸಿಲಿಕಾದಲ್ಲಿ ಇರುವುದೆಲ್ಲ ಸೇತುವೆ ಆಮ್ಲಜನಕವೇ ಆದ್ದರಿಂದ ಅದರ 1ಎಸ್ ಶಿಖರ ಒಂಟಿಯಾಗಿ, ಎರಡೂ ಕಡೆ ಸಮನಾಗಿ ಇಳಿಯಬೇಕು. ಸಿಲಿಕಾದ ಶಿಖರವೂ ಅಗಲವಾಗಿದ್ದರೆ ಅಥವಾ ಓರೆಯಾಗಿದ್ದರೆ ದೋಷ ಅಳತೆಯಲ್ಲಿದೆ. ಸಿಲಿಕಾ ಸರಿಯಾಗಿದ್ದು ಸೋಡಾ ಗಾಜು ಮಾತ್ರ ತಪ್ಪು ತೋರಿಸಿದರೆ ದೋಷ ಆ ಗಾಜಿನ ಮೈಮೇಲಿದೆ. ವಿದ್ಯಾರ್ಥಿನಿಯ ಪ್ರಕರಣದಲ್ಲಿ ಸಿಲಿಕಾವೂ ಅಗಲವಾಗಿಯೇ ಬಂದಿತ್ತು. ಆದ್ದರಿಂದ ಮೊದಲ ಸರದಿ ವಿದ್ಯುದಾವೇಶದ್ದು.

ವಿದ್ಯುದಾವೇಶ: ಸರಿದರೆ ಚಿಂತೆಯಿಲ್ಲ, ಹರಡಿದರೆ ಚಿಂತೆ

ಗಾಜು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. 1486.6 ಎಲೆಕ್ಟ್ರಾನ್ ವೋಲ್ಟಿನ ಅಲ್ಯೂಮಿನಿಯಂ ಕ್ಷ-ಕಿರಣ ಬಿದ್ದಾಗ ಎಲೆಕ್ಟ್ರಾನುಗಳು ಹೊರಟುಹೋಗುತ್ತವೆ, ಅವುಗಳ ಜಾಗಕ್ಕೆ ನೆಲದಿಂದ ಹೊಸವು ಬರುವುದಿಲ್ಲ, ಮೇಲ್ಮೈ ಧನಾವೇಶಗೊಳ್ಳುತ್ತದೆ. ಆ ಧನಾವೇಶ ಹೊರಡುವ ಎಲೆಕ್ಟ್ರಾನನ್ನು ಹಿಂದಕ್ಕೆ ಎಳೆಯುವುದರಿಂದ ಅದರ ಚಲನಶಕ್ತಿ ತಗ್ಗಿ, ಬಂಧನ ಶಕ್ತಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಒಂದೇ ಶಕ್ತಿಯ ಕ್ಷ-ಕಿರಣವನ್ನು ಆರಿಸಿ ಕೊಡುವ ಮೊನೊಕ್ರೋಮೇಟರ್ ಇಲ್ಲದ ಹಳೆಯ ಯಂತ್ರಗಳಲ್ಲಿ ಕ್ಷ-ಕಿರಣ ಮೂಲದ ಕಿಟಕಿಯಿಂದ ಹೊರಬೀಳುವ ಬಿಡಿ ಎಲೆಕ್ಟ್ರಾನುಗಳೇ ಈ ಕೊರತೆಯನ್ನು ಒಂದಷ್ಟು ತುಂಬುತ್ತಿದ್ದವು. ಮೊನೊಕ್ರೋಮೇಟರ್ ಇರುವ ಇಂದಿನ ಯಂತ್ರಗಳಲ್ಲಿ ಆ ಸೌಲಭ್ಯವಿಲ್ಲ, ಫ್ಲಡ್ ಗನ್ನಿನಿಂದ ಕೆಲವೇ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳನ್ನು ಮೇಲ್ಮೈಗೆ ಎರಚಬೇಕಾಗುತ್ತದೆ.

ಎಲ್ಲ ಶಿಖರಗಳೂ ಒಂದೇ ಅಳತೆಯಷ್ಟು ಸರಿದಿದ್ದರೆ ಅದನ್ನು ಲೆಕ್ಕದಲ್ಲಿ ಹಿಂದಕ್ಕೆ ಸರಿಸಬಹುದು, ಅದರಿಂದ ರಚನೆಯ ವಿಶ್ಲೇಷಣೆಗೆ ಭಂಗವಿಲ್ಲ. ನಿಜವಾದ ತೊಂದರೆ ಮೇಲ್ಮೈಯ ಒಂದು ಭಾಗ ಹೆಚ್ಚು, ಇನ್ನೊಂದು ಭಾಗ ಕಡಿಮೆ ಆವೇಶಗೊಂಡಾಗ ಬರುತ್ತದೆ. ಆಗ ಪ್ರತಿಯೊಂದು ಭಾಗವೂ ತನ್ನದೇ ಜಾಗದಲ್ಲಿ ಶಿಖರ ಬಿಡಿಸುತ್ತದೆ, ಅವೆಲ್ಲ ಕೂಡಿ ಅಗಲವಾದ, ಕೆಲವೊಮ್ಮೆ ಎರಡು ತಲೆಯ ಶಿಖರವಾಗುತ್ತದೆ. ನಾವು ಹುಡುಕುತ್ತಿರುವುದೂ 2 ಎಲೆಕ್ಟ್ರಾನ್ ವೋಲ್ಟ್ ಅಂತರದ ಎರಡು ಶಿಖರಗಳನ್ನೇ ಆದ್ದರಿಂದ, ಆವೇಶದಿಂದ ಹುಟ್ಟಿದ ದಿಬ್ಬವನ್ನು ತುದಿ ಆಮ್ಲಜನಕವೆಂದು ತಿಳಿಯುವ ಅಪಾಯ, ನಿಜವಾದ ದಿಬ್ಬ ಈ ಹರಡುವಿಕೆಯಲ್ಲಿ ಮುಳುಗಿಹೋಗುವ ಅಪಾಯ, ಎರಡೂ ಇವೆ.

ಪತ್ತೆಹಚ್ಚುವ ವಿಧಾನ ಸರಳವಾಗಿದೆ. ಫ್ಲಡ್ ಗನ್ನಿನ ಪ್ರವಾಹವನ್ನು ಮೂರು ನಾಲ್ಕು ಮಟ್ಟಗಳಲ್ಲಿ ಬದಲಿಸಿ ಪ್ರತಿ ಸಲವೂ ಆಮ್ಲಜನಕದ 1ಎಸ್, ಸಿಲಿಕಾನಿನ 2ಪಿ, ಇಂಗಾಲದ 1ಎಸ್ ಮೂರನ್ನೂ ತೆಗೆಯಬೇಕು. ಆಕಾರ ಬದಲಾಗದೆ ಜಾಗ ಮಾತ್ರ ಬದಲಾದರೆ ಆ ಆಕಾರ ಗಾಜಿನದೇ. ಪ್ರವಾಹ ಬದಲಿಸಿದಂತೆ ಆಕಾರವೂ ಬದಲಾದರೆ, ಅಥವಾ ಮೂರು ಶಿಖರಗಳೂ ಒಂದೇ ರೀತಿಯಲ್ಲಿ ಒಂದೇ ಕಡೆಗೆ ಬಾಲ ಬಿಟ್ಟಿದ್ದರೆ, ಅದು ಆವೇಶದ ಕೆಲಸ. ರಾಸಾಯನಿಕ ಕಾರಣದಿಂದ ಆಮ್ಲಜನಕಕ್ಕೆ ದಿಬ್ಬ ಬರಬಹುದೇ ಹೊರತು ಅದೇ ಆಕಾರದ ದಿಬ್ಬ ಮೇಲ್ಮೈಯ ಜಿಡ್ಡಿನ ಇಂಗಾಲಕ್ಕೂ ಬರಲು ಕಾರಣವಿಲ್ಲ.

ನಮ್ಮ ಪ್ರಕರಣದಲ್ಲಿ ಇಂಗಾಲದ ಶಿಖರದ ಅಗಲ 2 ಎಲೆಕ್ಟ್ರಾನ್ ವೋಲ್ಟ್ ಮೀರಿತ್ತು. ಹೋಲ್ಡರನ್ನು ಹೊರತೆಗೆದು ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ಕಣ್ಣಿಗೇ ಬಿತ್ತು: ಎರಡೂ ತುಣುಕುಗಳನ್ನು ಒಂದೇ ತುದಿಯಲ್ಲಿ ತಾಮ್ರದ ಕ್ಲಿಪ್ಪಿನಿಂದ ಒತ್ತಿ ಹಿಡಿಯಲಾಗಿತ್ತು, ಇನ್ನೊಂದು ತುದಿ ತೇಲಾಡುತ್ತಿತ್ತು. ಕ್ಲಿಪ್ಪಿನ ಬಳಿಯ ಜಾಗದ ಆವೇಶ ಒಂದು ಬಗೆ, ದೂರದ ಜಾಗದ್ದು ಇನ್ನೊಂದು ಬಗೆ. ಲೋಹವನ್ನು ಅಳೆದು ರೂಢಿಯಾದವರು ಗಾಜಿಗೂ ನೆಲದ ಸಂಪರ್ಕ ಕೊಡಬೇಕೆಂದು ಭಾವಿಸುತ್ತಾರೆ, ಅದು ಸಹಜವೇ. ಆದರೆ ಗಾಜಿನಲ್ಲಿ ಅರೆಬರೆ ಸಂಪರ್ಕಕ್ಕಿಂತ ಸಂಪರ್ಕವೇ ಇಲ್ಲದಿರುವುದು ಲೇಸು. ಕ್ಲಿಪ್ ತೆಗೆದು, ವಿದ್ಯುತ್ ಹರಿಯಗೊಡದ ಎರಡು ಬದಿಯ ಅಂಟುಪಟ್ಟಿಯ ಮೇಲೆ ತುಣುಕುಗಳನ್ನು ಕೂರಿಸಿ, ಪೂರ್ತಿ ಪ್ರತ್ಯೇಕಗೊಳಿಸಿ, ಫ್ಲಡ್ ಗನ್ನಿಗೆ ಮಾತ್ರ ಜವಾಬ್ದಾರಿ ಬಿಟ್ಟೆವು. ಸಿಲಿಕಾದ ಶಿಖರ ಕೂಡಲೇ ಕಿರಿದಾಗಿ ನೆಟ್ಟಗೆ ನಿಂತಿತು. ಪ್ರತ್ಯೇಕತೆ ಪೂರ್ತಿಯಾಗಿದೆಯೇ ಎಂದು ನೋಡಲು ಹೋಲ್ಡರಿಗೆ 5 ವೋಲ್ಟ್ ಕೊಟ್ಟು ನೋಡಬಹುದು. ಗಾಜಿನ ಶಿಖರಗಳು ಅಲುಗದಿದ್ದರೆ ಸರಿ, ಒಡೆದು ಎರಡಾದರೆ ಎಲ್ಲೋ ಅರ್ಧ ಸಂಪರ್ಕ ಉಳಿದಿದೆ.

ಶಕ್ತಿಯ ಮಾಪಕವನ್ನು ಕೂರಿಸಲು ಎಲ್ಲರೂ ಜಿಡ್ಡಿನ ಇಂಗಾಲದ 284.8 ಎಂಬ ಬೆಲೆಯನ್ನು ಹಿಡಿಯುತ್ತಾರೆ. ಗಾಜಿನ ಮಟ್ಟಿಗೆ ನಾನು ಅದನ್ನು ಅರೆಮನಸ್ಸಿನಿಂದ ಬಳಸುತ್ತೇನೆ, ಏಕೆಂದರೆ ಮೇಲೆ ಕುಳಿತ ಜಿಡ್ಡಿನ ಪದರವೂ ಕೆಳಗಿನ ಗಾಜೂ ಒಂದೇ ವಿಭವದಲ್ಲಿವೆ ಎಂಬ ಖಾತರಿಯಿಲ್ಲ. ಮೇಲಾಗಿ ನಿರ್ವಾತದಲ್ಲೇ ಮುರಿದ ಹೊಸ ಮೇಲ್ಮೈಯಲ್ಲಿ ಇಂಗಾಲವೇ ಇರುವುದಿಲ್ಲ. ಆಮ್ಲಜನಕದ 1ಎಸ್ ಮತ್ತು ಸಿಲಿಕಾನಿನ 2ಪಿ ನಡುವಿನ ಅಂತರ ಆವೇಶಕ್ಕೆ ಜಗ್ಗುವುದಿಲ್ಲ; ಶುದ್ಧ ಸಿಲಿಕಾದಲ್ಲಿ ಅದು 429 ರಿಂದ 430 ರ ನಡುವೆ ಬರುತ್ತದೆ. ಹಾಗೆಯೇ ಸೋಡಿಯಂನ ಓಜೇ ಗೆರೆಯ (ಇದು ಏನೆಂದು ಮುಂದಿನ ಭಾಗದಲ್ಲಿ ಹೇಳಿದ್ದೇನೆ) ಚಲನಶಕ್ತಿಗೆ ಅದರ 1ಎಸ್ ಬಂಧನ ಶಕ್ತಿಯನ್ನು ಕೂಡಿಸಿದರೆ ಬರುವ ಓಜೇ ಪ್ಯಾರಾಮೀಟರ್, ಒಂದು ಹೆಚ್ಚಿದಷ್ಟು ಇನ್ನೊಂದು ತಗ್ಗುವುದರಿಂದ, ಆವೇಶದ ಹಂಗಿಲ್ಲದ ಸಂಖ್ಯೆ. ಈ ಎರಡನ್ನು ದಾಖಲಿಸಿದವರ ಅಂಕಿಗಳನ್ನು ಬೇರೆ ಪ್ರಯೋಗಾಲಯದವರು ನಂಬಿ ಹೋಲಿಸಬಹುದು.

ಎಡಗಡೆಯ ಉಬ್ಬು ಯಾರದು

ಆವೇಶ ಬಗೆಹರಿದ ಮೇಲೂ ಸೋಡಾ ಗಾಜಿನಲ್ಲಿ 535–536 ಎಲೆಕ್ಟ್ರಾನ್ ವೋಲ್ಟ್ ಸುತ್ತಮುತ್ತ ಆ ತಗ್ಗಾದ ಉಬ್ಬು ಹಾಗೇ ಉಳಿದಿತ್ತು; ಪಕ್ಕದ ಸಿಲಿಕಾದಲ್ಲಿ ಅದು ಇರಲಿಲ್ಲ. ವಿದ್ಯಾರ್ಥಿನಿ ಅದನ್ನು ಗಾಜು ಹೀರಿಕೊಂಡ ನೀರು ಎಂದು ಬರೆದುಕೊಂಡಿದ್ದರು. ಮಳೆಗಾಲವಾದ್ದರಿಂದ ಆ ಊಹೆ ಯಾರಿಗಾದರೂ ಬರಬಹುದಾದದ್ದೇ. ಆದರೆ ಅದು ಆಮ್ಲಜನಕದ್ದೇ ಅಲ್ಲ, ಸೋಡಿಯಂನದು.

ಕ್ಷ-ಕಿರಣ ಸೋಡಿಯಂನ ಒಳಕವಚದಲ್ಲಿ ತೆರವು ಮಾಡಿದಾಗ ಮೇಲಿನ ಎಲೆಕ್ಟ್ರಾನೊಂದು ಆ ತೆರವಿಗೆ ಇಳಿಯುತ್ತದೆ, ಆಗ ಬಿಡುಗಡೆಯಾದ ಶಕ್ತಿಯನ್ನು ಪಡೆದು ಇನ್ನೊಂದು ಎಲೆಕ್ಟ್ರಾನ್ ಹೊರಜಿಗಿಯುತ್ತದೆ. ಇದೇ ಓಜೇ ಎಲೆಕ್ಟ್ರಾನ್. ಸೋಡಿಯಂನ ಮುಖ್ಯ ಓಜೇ ಗೆರೆಯ ಚಲನಶಕ್ತಿ ಸುಮಾರು 990, ಆದ್ದರಿಂದ ಅಲ್ಯೂಮಿನಿಯಂ ಮೂಲದಲ್ಲಿ ಅದು ಬಂಧನ ಶಕ್ತಿಯ ಮಾಪಕದ ಮೇಲೆ 497 ರ ಬಳಿ ಬೀಳುತ್ತದೆ. ಅಲ್ಲಿ ಯಾರಿಗೂ ತೊಂದರೆಯಿಲ್ಲ. ಆದರೆ ಅದರ ಬಡ ಸೋದರ ಗೆರೆಯೊಂದು ಸುಮಾರು 950 ರಲ್ಲಿದೆ, ಅದು ನೇರವಾಗಿ ಆಮ್ಲಜನಕದ ಶಿಖರದ ಎಡ ತಪ್ಪಲಿಗೆ ಬಂದು ಕೂರುತ್ತದೆ. ಸೋಡಾ ಹೆಚ್ಚಿದಷ್ಟೂ ಅದು ಬಲಿಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎರಡೇ ಶಿಖರಗಳನ್ನು ಹೊಂದಿಸಿದರೆ ತಂತ್ರಾಂಶವು ಆ ಉಬ್ಬನ್ನೂ ಸೇತುವೆ ಆಮ್ಲಜನಕದ ಖಾತೆಗೆ ಜಮಾ ಮಾಡುತ್ತದೆ, ತುದಿ ಆಮ್ಲಜನಕದ ಪಾಲು ಸುಳ್ಳಾಗಿ ಕುಗ್ಗುತ್ತದೆ.

ನಿಮ್ಮ ಯಂತ್ರದಲ್ಲಿ 1253.6 ಎಲೆಕ್ಟ್ರಾನ್ ವೋಲ್ಟಿನ ಮೆಗ್ನೀಷಿಯಂ ಮೂಲವೂ ಇದ್ದರೆ ತೀರ್ಪು ಹತ್ತು ನಿಮಿಷದ ಕೆಲಸ. ಮೂಲ ಬದಲಿಸಿದಾಗ ದ್ಯುತಿ ಎಲೆಕ್ಟ್ರಾನಿನ, ಅಂದರೆ ಕ್ಷ-ಕಿರಣ ನೇರವಾಗಿ ಹೊರದೂಡಿದ ಎಲೆಕ್ಟ್ರಾನಿನ, ಶಿಖರಗಳು ಬಂಧನ ಶಕ್ತಿಯ ಮಾಪಕದಲ್ಲಿ ಇದ್ದಲ್ಲೇ ಇರುತ್ತವೆ, ಓಜೇ ಗೆರೆಗಳು ಮಾತ್ರ ಎರಡು ಮೂಲಗಳ ವ್ಯತ್ಯಾಸವಾದ 233 ಎಲೆಕ್ಟ್ರಾನ್ ವೋಲ್ಟಿನಷ್ಟು ಸರಿದುಹೋಗುತ್ತವೆ. ಉಬ್ಬು 536 ರ ಬಳಿಯಿಂದ ಮಾಯವಾಗಿ 303 ರ ಬಳಿ ಕಂಡರೆ ಅದು ಸೋಡಿಯಂ. ಮೆಗ್ನೀಷಿಯಂ ಮೂಲ ಇಲ್ಲದವರು ಸೋಡಿಯಂ ಕ್ಲೋರೈಡಿನಂತಹ ಆಮ್ಲಜನಕವಿಲ್ಲದ ಲವಣದಲ್ಲಿ ಈ ಎರಡು ಓಜೇ ಗೆರೆಗಳ ಎತ್ತರದ ಅನುಪಾತವನ್ನು ಅಳೆದಿಟ್ಟುಕೊಂಡು, ತಮ್ಮ ಗಾಜಿನ 497 ರ ಗೆರೆಯಿಂದ ಲೆಕ್ಕ ಹಾಕಿ ಅಷ್ಟನ್ನು ಕಳೆಯಬಹುದು. ಉಪ್ಪು ಒಣಗಿರಬೇಕು ಎಂಬುದನ್ನು ಮಾತ್ರ ಮರೆಯಬಾರದು. ನಾವು ಮಾಡಿದ್ದು ಇದನ್ನೇ.

ತೇವ ತಿಂದ ಮೇಲ್ಮೈ

ಎರಡು ದೋಷಗಳು ಕಳೆದ ಮೇಲೆ ರೋಹಿತ ಸ್ವಚ್ಛವಾಯಿತು, ಆದರೆ ದಿಬ್ಬ ಇನ್ನೂ ಕುಳ್ಳಗೇ ಇತ್ತು. ಸಿಲಿಕಾ ಈಗ ನಿರ್ದೋಷಿಯಾಗಿದ್ದುದರಿಂದ ತಪ್ಪು ಗಾಜಿನ ತುಣುಕಿನಲ್ಲೇ ಇತ್ತು. ಎರಕ ಹೊಯ್ಯುವಾಗ ತೂಕ ತಪ್ಪಿತೇ, ಕುಲುಮೆಯಲ್ಲಿ ಸೋಡಾ ಆವಿಯಾಗಿ ಹೋಯಿತೇ ಎಂದು ವಿದ್ಯಾರ್ಥಿನಿ ಕಳವಳಗೊಂಡು, “ಸರ, ಗಾಜ ಬ್ಯಾರೆ ಆಗೇತೇನ್ರಿ?” ಎಂದು ಕೇಳಿದರು. “ಗಾಜು ಬ್ಯಾರೆ ಆಗಿಲ್ಲವಾ, ಅದರ ತೊಗಲು ಬ್ಯಾರೆ ಆಗೇತಿ” ಎಂದೆ.

ಈ ತೊಗಲಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಷ-ಕಿರಣ ಗಾಜಿನೊಳಕ್ಕೆ ಎಷ್ಟೋ ಆಳ ಹೋಗುತ್ತದೆ, ಆದರೆ ಶಕ್ತಿ ಕಳೆದುಕೊಳ್ಳದೆ ಹೊರಬರುವ ಎಲೆಕ್ಟ್ರಾನುಗಳು ಮೇಲಿನ 10 ನ್ಯಾನೋಮೀಟರಿನೊಳಗಿನವು ಮಾತ್ರ. ಅಂದರೆ ಮೂರು ಮಿಲಿಮೀಟರ್ ದಪ್ಪದ ಗಾಜಿನಲ್ಲಿ ನಾವು ಓದುತ್ತಿರುವುದು ಮೂರು ಲಕ್ಷದಲ್ಲಿ ಒಂದು ಪಾಲನ್ನು. ಆ ಒಂದು ಪಾಲು ಇಡೀ ಗಾಜಿನ ಪ್ರತಿನಿಧಿಯಾಗಿದ್ದರೆ ಮಾತ್ರ ಅದರಿಂದ ರಚನೆಯ ಮಾತನ್ನಾಡಬಹುದು. ಸೋಡಾ ಹೆಚ್ಚಿರುವ ಗಾಜಿನಲ್ಲಿ ಅದು ಹಾಗಿರುವುದಿಲ್ಲ. ಶ್ರಾವಣದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಒಸರುವುದನ್ನು ನೋಡದವರಿಲ್ಲ. ಇಂಥ ಗಾಜೂ ಗಾಳಿಯ ತೇವವನ್ನು ಹಾಗೆಯೇ ಎಳೆದುಕೊಳ್ಳುತ್ತದೆ. ನೀರಿನ ಹೈಡ್ರೋಜನ್ ಗಾಜಿನೊಳಕ್ಕೆ ಹೋಗಿ ತುದಿ ಆಮ್ಲಜನಕವನ್ನು ಹಿಡಿಯುತ್ತದೆ, ಅಲ್ಲಿದ್ದ ಸೋಡಿಯಂ ಹೊರಕ್ಕೆ ಬಂದು ಹೈಡ್ರಾಕ್ಸೈಡ್ ಆಗುತ್ತದೆ, ಅದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಕಾರ್ಬೊನೇಟ್ ಆಗುತ್ತದೆ. ಸಿಲಿಕಾನ್–ಆಮ್ಲಜನಕ–ಹೈಡ್ರೋಜನ್ ಗುಂಪಿನ ಶಿಖರ ಸೇತುವೆ ಆಮ್ಲಜನಕದ ಜಾಗಕ್ಕೇ ಬಂದು ಬೀಳುತ್ತದೆ. ಹೀಗೆ ಒಂದೊಂದು ತುದಿ ಆಮ್ಲಜನಕವೂ ಪಕ್ಷ ಬದಲಿಸುತ್ತದೆ: ದಿಬ್ಬದಿಂದ ಕಳೆದದ್ದು ಶಿಖರಕ್ಕೆ ಕೂಡುತ್ತದೆ. ಕಾರ್ಬೊನೇಟಿನ ಆಮ್ಲಜನಕ ಎರಡರ ನಡುವಿನ ಕಣಿವೆಯನ್ನು ತುಂಬುತ್ತದೆ.

ಇದನ್ನು ದೃಢಪಡಿಸಿಕೊಳ್ಳಲು ಮೂರು ಗುರುತುಗಳಿವೆ. ಇಂಗಾಲದ ರೋಹಿತದಲ್ಲಿ 289–290 ರ ಬಳಿ ಕಾರ್ಬೊನೇಟಿನ ಶಿಖರ ಇದೆಯೇ ನೋಡಬೇಕು. ಸೋಡಿಯಂ ಮತ್ತು ಸಿಲಿಕಾನಿನ ಅನುಪಾತವನ್ನು ತೂಕದ ಲೆಕ್ಕದೊಡನೆ ಹೋಲಿಸಬೇಕು, ಶೇ. 30 ಸೋಡಾದ ಗಾಜಿಗೆ ಅದು 70 ಕ್ಕೆ 60, ಅಂದರೆ 0.86. ಕಾರ್ಬೊನೇಟ್ ಮೇಲೆ ಹೂವಿನಂತೆ ಅರಳಿದ್ದರೆ ಇದು ಹೆಚ್ಚಾಗಿಯೂ, ಯಾರಾದರೂ ಆ ಬಿಳಿಯನ್ನು ತೊಳೆದುಬಿಟ್ಟಿದ್ದರೆ ಕಡಿಮೆಯಾಗಿಯೂ ಬರುತ್ತದೆ. ಮೂರನೆಯದಾಗಿ ತುಣುಕನ್ನು 60 ಡಿಗ್ರಿ ಓರೆಯಾಗಿಸಿದರೆ ಓದುವ ಆಳ ಅರ್ಧಕ್ಕೆ ಇಳಿಯುತ್ತದೆ. ಓರೆ ಮಾಡಿದಾಗ ಕಾರ್ಬೊನೇಟ್ ಬೆಳೆದು ದಿಬ್ಬ ಇನ್ನೂ ಕುಗ್ಗಿದರೆ, ದೋಷ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದೆ ಎಂದೇ ಅರ್ಥ. ನಮ್ಮ ತುಣುಕು ಮೂರನ್ನೂ ತೋರಿಸಿತು. ವಿಚಾರಿಸಿದಾಗ, ಅದನ್ನು ನೀರು ಹಾಕಿ ಪಾಲಿಶ್ ಮಾಡಿ, ಒಂದು ವಾರ ಪ್ಲಾಸ್ಟಿಕ್ ಚೀಲದಲ್ಲಿ ಮೇಜಿನ ಖಾನೆಯಲ್ಲಿ ಇಟ್ಟಿದ್ದರೆಂದು ತಿಳಿಯಿತು. ಪುಣೆಯ ಗಾಳಿ ಮುಂಬೈ, ಗೋವಾಗಳಷ್ಟು ಹಸಿಯಲ್ಲ ಎಂಬ ಸಮಾಧಾನ ಜುಲೈ ತಿಂಗಳಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ಬಹಳ ಮಂದಿ ಆರ್ಗಾನ್ ಅಯಾನು ಕಿರಣದಿಂದ ಮೇಲ್ಮೈಯನ್ನು ಕೆರೆದು ತೆಗೆಯಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಯಾನುಗಳು ಬಡಿದಾಗ ಬಂಧಗಳು ಮುರಿಯುತ್ತವೆ, ಸೋಡಿಯಂ ಕಿರಣದ ಆವೇಶಕ್ಕೆ ಸಿಕ್ಕಿ ಜಾಗ ಬಿಟ್ಟು ಓಡಾಡುತ್ತದೆ, ಕೆರೆದ ಮೇಲೆ ಸಿಗುವುದು ಗಾಜಿನ ರಚನೆಯಲ್ಲ, ಅಯಾನು ಕಿರಣ ಮಾಡಿಟ್ಟ ಹೊಸ ರಚನೆ. ಲೋಹದ ಹಾಳೆಗೆ ಸರಿಯಾದ ಉಪಾಯ ಗಾಜಿಗೆ ಹಾನಿ ಮಾಡುತ್ತದೆ.

ಸರಿಯಾದ ದಾರಿ ಮುರಿಯುವುದು. ಅದೇ ಕರಗಿನಿಂದ ಬೆರಳುದ್ದದ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕಡ್ಡಿ ಎರೆದು, ಅನೀಲಿಂಗ್ ಮಾಡಿ (ನಿಧಾನವಾಗಿ ತಣಿಸಿ), ನಡುವೆ ವಜ್ರದ ಮೊನೆಯಿಂದ ಒಣದಾಗಿ ಒಂದು ಗೀರು ಹಾಕಬೇಕು. ಕಡ್ಡಿಯ ಬುಡವನ್ನು ಹೋಲ್ಡರಿನಲ್ಲಿ ನೆಟ್ಟು, ಒಂದು ರಾತ್ರಿ ಸಿದ್ಧತಾ ಚೇಂಬರಿನ ನಿರ್ವಾತದಲ್ಲಿ ಬಿಟ್ಟು, ಮರುದಿನ ಒಳಗಿನ ತಳ್ಳುಕೋಲಿನಿಂದ ತುದಿಯನ್ನು ತಟ್ಟಿದರೆ ಗೀರಿನ ಜಾಗದಲ್ಲಿ ಅದು ಮುರಿದು, ಗಾಳಿಯನ್ನೇ ಕಾಣದ ಮೇಲ್ಮೈ ತೆರೆದುಕೊಳ್ಳುತ್ತದೆ. ನೋಡುಕಿಂಡಿಯಿಂದ ನೋಡುತ್ತಿದ್ದಾಗ ಮುರಿದ ತುಂಡು ಚೇಂಬರಿನ ತಳಕ್ಕೆ ಬಿದ್ದ ಸಣ್ಣ ಸದ್ದು ಉಕ್ಕಿನ ಗೋಡೆಯ ಮೂಲಕ ಕೈಗೆ ತಾಗಿತು, ಹೊಸ ಮುಖ ಕನ್ನಡಿಯಂತೆ ಹೊಳೆಯಿತು. ಹೀಗೆ ನುಣುಪಾಗಿ ಮುರಿದ ಭಾಗದ ಮೇಲೇ ಕಿರಣವನ್ನು ನಿಲ್ಲಿಸಬೇಕು. ಒರಟಾಗಿ ಏರಿಳಿದ ಭಾಗದಲ್ಲಿ ನೆರಳು ಬಿದ್ದು ಆವೇಶದ ತೊಂದರೆ ಮರಳಿ ಬರುತ್ತದೆ.

ಮುರಿದ ಮೇಲೆ ತಡಮಾಡುವಂತಿಲ್ಲ. 10⁻⁶ ಮಿಲಿಬಾರ್ ಒತ್ತಡದಲ್ಲಿ, ಬಡಿದ ಅಣುಗಳೆಲ್ಲ ಅಂಟಿಕೊಂಡರೆ, ಒಂದು ಅಣುವಿನ ದಪ್ಪದ ಪದರ ಕಟ್ಟಲು ಕೆಲವೇ ಸೆಕೆಂಡು ಸಾಕು. 10⁻⁹ ರಲ್ಲಿ ಅದಕ್ಕೆ ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ. ಆದ್ದರಿಂದ ಮುರಿದ ಕೂಡಲೇ ಆಮ್ಲಜನಕದ ರೋಹಿತವನ್ನೇ ಮೊದಲು ತೆಗೆಯಬೇಕು, ವಿಸ್ತಾರವಾದ ಸರ್ವೇ ರೋಹಿತವನ್ನು ಕೊನೆಗೆ ಇಟ್ಟುಕೊಳ್ಳಬೇಕು. ನಮ್ಮ ಕಡ್ಡಿಯಲ್ಲಿ ಇಂಗಾಲ ಗೊತ್ತಾಗದಷ್ಟು ಕಡಿಮೆಯಿತ್ತು, ದಿಬ್ಬ ಎದ್ದು ನಿಂತಿತ್ತು, ಹೊಂದಿಸಿದ ಲೆಕ್ಕದಲ್ಲಿ ತುದಿ ಆಮ್ಲಜನಕದ ಪಾಲು ಶೇ. 34 ಬಂತು. ತೂಕವೂ ತಪ್ಪಿರಲಿಲ್ಲ, ಸೋಡಾವೂ ಹಾರಿಹೋಗಿರಲಿಲ್ಲ.

ಒಳಗೇ ಮುರಿಯುವ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಇಲ್ಲದವರು ತುಣುಕನ್ನು ಯಂತ್ರದೊಳಕ್ಕೆ ಸೇರಿಸುವ ಲೋಡ್ ಲಾಕಿಗೆ ಜೋಡಿಸಿದ ಗ್ಲೋವ್ ಬಾಕ್ಸಿನಲ್ಲಿ ಒಣ ಸಾರಜನಕದ ನಡುವೆ ಮುರಿದು ಒಳಗೆ ತಳ್ಳಬಹುದು. ಅದೂ ಇಲ್ಲದಿದ್ದರೆ ಗಾಳಿಯಲ್ಲಿ ಮುರಿದು ಎರಡು ನಿಮಿಷದೊಳಗೆ ನಿರ್ವಾತಕ್ಕೆ ಸೇರಿಸಬೇಕು, ಗಾಳಿಗೆ ತೆರೆದ ಸಮಯವನ್ನು ಬರೆದಿಡಬೇಕು, ಅದರಿಂದ ಬಂದ ಅಂಕಿಯನ್ನು ಕನಿಷ್ಠ ಮಿತಿಯೆಂದು ಮಾತ್ರ ಹೇಳಬೇಕು.

ಅಳೆಯುವ ಕಿರಣವೇ ಮಾಡುವ ಹಾನಿ

ಅಳತೆ ಮುಗಿಸಿ ಹೊರತೆಗೆದ ಗಾಜಿನ ಮೇಲೆ ಕಿರಣ ಬಿದ್ದ ಜಾಗದಲ್ಲಿ ಕಂದು ಮಚ್ಚೆ ಕಾಣುವುದುಂಟು. ಕ್ಷ-ಕಿರಣ ಗಾಜಿನಲ್ಲಿ ಬಣ್ಣದ ಕೇಂದ್ರಗಳನ್ನು ಹುಟ್ಟಿಸಿದ್ದರ ಗುರುತು ಅದು. ಬಣ್ಣ ಬಂದ ಮಾತ್ರಕ್ಕೆ ಆಮ್ಲಜನಕದ ಅನುಪಾತ ಕೆಟ್ಟಿದೆ ಎಂದಲ್ಲ, ಆದರೆ ಸೋಡಿಯಂ ಜರುಗಿರುವ ಸಾಧ್ಯತೆಯನ್ನು ಪರೀಕ್ಷಿಸದೆ ಬಿಡಬಾರದು. ಮೊದಲಿಗೊಮ್ಮೆ, ಕೊನೆಗೊಮ್ಮೆ ಸೋಡಿಯಂನ 1ಎಸ್ ಮತ್ತು ಆಮ್ಲಜನಕದ 1ಎಸ್ ಎರಡನ್ನೂ ಒಂದೇ ವ್ಯವಸ್ಥೆಯಲ್ಲಿ ತೆಗೆದು ಒಂದರ ಮೇಲೊಂದು ಇಟ್ಟು ನೋಡಿದರೆ ಸಾಕು. ವ್ಯತ್ಯಾಸ ಕಂಡರೆ ಕಿರಣದ ಶಕ್ತಿಯನ್ನು ಇಳಿಸಿ, ಹೊಸ ಜಾಗಕ್ಕೆ ಸರಿದು, ಮತ್ತೆ ಅಳೆಯಬೇಕು. ಎಲೆಕ್ಟ್ರಾನ್ ಕಿರಣದಿಂದ ನಡೆಸುವ ಓಜೇ ರೋಹಿತದರ್ಶನದಲ್ಲಿ ಈ ಜರುಗುವಿಕೆ ಎಷ್ಟು ಬೇಗ ಆಗುತ್ತದೆಂದರೆ, ಸೋಡಾ ಗಾಜಿನ ರಚನೆಗೆ ನಾನು ಅದನ್ನು ಬಳಸುವುದೇ ಇಲ್ಲ.

ಶಿಖರ ಬಿಡಿಸುವಾಗ

ಈ ಹಂತದ ತಪ್ಪುಗಳು ಹಿಂದಿನವುಗಳಷ್ಟು ದೊಡ್ಡವಲ್ಲ, ಆದರೆ ಮೇಲಿನ ಯಾವ ದೋಷವನ್ನೂ ಇಲ್ಲಿ ಮುಚ್ಚಿಹಾಕಲು ಸಾಧ್ಯ ಎಂಬುದರಿಂದ ಎಚ್ಚರ ಬೇಕು. ಶಿಖರದ ಕೆಳಗೆ ಮೆಟ್ಟಿಲಿನಂತೆ ಏರುವ ಶರ್ಲಿ ಹಿನ್ನೆಲೆಯನ್ನು ಕಳೆದು, ಎರಡು ಶಿಖರಗಳಿಗೂ ಒಂದೇ ಅಗಲ ಮತ್ತು ಒಂದೇ ಆಕಾರವನ್ನು ಕಡ್ಡಾಯ ಮಾಡಿ, ಆ ಅಗಲವು ಪಕ್ಕದ ಸಿಲಿಕಾದಲ್ಲಿ ಕಂಡ ಅಗಲಕ್ಕೆ ಹತ್ತಿರವಿರುವಂತೆ ನೋಡಿಕೊಳ್ಳಬೇಕು. ಓಜೇ ಉಬ್ಬಿನ ಎತ್ತರವನ್ನು ತಂತ್ರಾಂಶದ ಇಷ್ಟಕ್ಕೆ ಬಿಡದೆ 497 ರ ಗೆರೆಯಿಂದ ಕಟ್ಟಿಹಾಕಬೇಕು. ಅಳೆದದ್ದಕ್ಕೂ ಹೊಂದಿಸಿದ್ದಕ್ಕೂ ಇರುವ ವ್ಯತ್ಯಾಸದ ಉಳಿಕೆ ಗೆರೆ ಸಮತಟ್ಟಾಗಲಿಲ್ಲವೆಂದು ಹೆಸರಿಲ್ಲದ ಮೂರನೆಯ ಶಿಖರವನ್ನು ತುರುಕಿದರೆ ಚಿತ್ರ ಅಂದವಾಗುತ್ತದೆ, ಆದರೆ ಆ ಶಿಖರ ಯಾವ ಆಮ್ಲಜನಕದ್ದು ಎಂದು ಕೇಳಿದವರಿಗೆ ಉತ್ತರವಿರುವುದಿಲ್ಲ. ಹಿನ್ನೆಲೆಯ ಎರಡು ತುದಿಗಳನ್ನು ಸ್ವಲ್ಪ ಆಚೀಚೆ ಸರಿಸಿ ಮತ್ತೆ ಹೊಂದಿಸಿದಾಗ ಅನುಪಾತ ಎಷ್ಟು ಅಲುಗುತ್ತದೆ ಎಂಬುದೇ ನಿಮ್ಮ ನಿಜವಾದ ದೋಷಮಿತಿ. ನಮ್ಮಲ್ಲಿ ಅದು ಒಂದೆರಡು ಶೇಕಡಾ ಇತ್ತು, ಆದ್ದರಿಂದ 34 ಮತ್ತು 35.3 ರ ನಡುವಿನ ಅಂತರಕ್ಕೆ ಬೇರೆ ವಿವರಣೆ ಹುಡುಕಲಿಲ್ಲ.

ಬೇರೆ ಗಾಜುಗಳಿಗೆ ಇದೇ ಕ್ರಮ ಹಿಡಿಯುವಾಗ

ಕಿಟಕಿಯ ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡಿರುತ್ತಾರೆ, ಅದರ ಒಂದು ಮುಖದಲ್ಲಿ ತವರ ಸೇರಿರುತ್ತದೆ. ತವರದ 3ಡಿ ಜೋಡಿಯಲ್ಲಿ ಒಂದು ಗೆರೆ 495 ರ ಬಳಿ ಬಂದು ಸೋಡಿಯಂನ 497 ರ ಓಜೇ ಗೆರೆಗೆ ಬೆರೆಯುವುದರಿಂದ, ಮೇಲೆ ಹೇಳಿದ ಕಳೆಯುವ ಲೆಕ್ಕ ಆ ಮುಖದಲ್ಲಿ ತಪ್ಪುತ್ತದೆ. 487 ರ ಬಳಿ ಜೋಡಿಯ ಇನ್ನೊಂದು ಗೆರೆ ಕಂಡರೆ ತುಣುಕನ್ನು ಮಗುಚಿ ಹಾಕಬೇಕು.

ಫಾಸ್ಫೇಟ್ ಗಾಜಿನಲ್ಲಿ ಎರಡು ಶಿಖರಗಳ ಅಂತರ ಸುಮಾರು 1.5 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಮೆಟಾಫಾಸ್ಫೇಟಿನಲ್ಲಿ ಒಂದು ಸೇತುವೆ ಆಮ್ಲಜನಕಕ್ಕೆ ಎರಡು ತುದಿ ಆಮ್ಲಜನಕ ಇರುವುದರಿಂದ ಬಲಗಡೆಯದೇ ದೊಡ್ಡ ಶಿಖರ, ಎಡಗಡೆಯದು ದಿಬ್ಬ. ಸಿಲಿಕೇಟಿನ ರೂಢಿಯಲ್ಲಿ ಓದಿದರೆ ಎಲ್ಲವೂ ತಲೆಕೆಳಗಾಗುತ್ತದೆ. ತೇವದ ವಿಷಯದಲ್ಲಿ ಇವು ಇನ್ನೂ ಸೂಕ್ಷ್ಮ.

ಟ್ರಾಂಬೆ ಮತ್ತು ತಾರಾಪುರಗಳಲ್ಲಿ ವಿಕಿರಣಶೀಲ ತ್ಯಾಜ್ಯವನ್ನು ಹುದುಗಿಸಿಡುವ ಬೋರೋಸಿಲಿಕೇಟ್ ಗಾಜಿನ ಬಗ್ಗೆ ಕೆಲಸ ಮಾಡುವ ವಿದ್ಯಾರ್ಥಿಗಳು ಬೋರಾನಿನ 1ಎಸ್ ಶಿಖರದಿಂದ ಮೂರು ಆಮ್ಲಜನಕಗಳನ್ನು ಹಿಡಿದ ಮೂರು ಕೈಯ ಬೋರಾನ್ ಎಷ್ಟು, ನಾಲ್ಕು ಕೈಯದು ಎಷ್ಟು ಎಂದು ತಿಳಿಯಬಹುದೇ ಎಂದು ಕೇಳುತ್ತಾರೆ. ಎರಡರ ನಡುವಿನ ಅಂತರ ಶಿಖರದ ಅಗಲಕ್ಕಿಂತ ಕಡಿಮೆಯಿರುವುದರಿಂದ ಅವು ಬೇರೆಯಾಗುವುದಿಲ್ಲ, ಬೋರಾನಿನ ಸಂಕೇತವೂ ಬಹಳ ದುರ್ಬಲ. ಅದಕ್ಕೆ ಬೋರಾನ್-11 ರ ಎನ್‌ಎಂಆರ್ (ಪರಮಾಣು ಕೇಂದ್ರದ ಕಾಂತೀಯ ಅನುರಣನದ ಪರೀಕ್ಷೆ) ಮಾಡಿಸುವುದೇ ಸರಿ. ಬೋರಾನಿನ ಆ ಪ್ರಶ್ನೆಯೊಂದನ್ನೇ ಹಿಡಿದು ಬರುವ ತುಣುಕುಗಳನ್ನು ನಾನು ಯಂತ್ರಕ್ಕೆ ಏರಿಸದೆ ಹಿಂದಕ್ಕೆ ಕೊಡುತ್ತೇನೆ.